ಬೊಮ್ಮ ಕಿಟಕಿ ಪಟ್ಟಿ ಬಿಚ್ಚಿದ್ದು

ಬುದ್ಧಿ ಹಂಚುವ ದಿನ ಬೊಮ್ಮನೂ ಸಾಲಿನಲ್ಲಿ ನಿಂತಿದ್ದನಂತೆ. ಹಿಂದಿನವನು "ಸ್ವಲ್ಪ ಸರಿಯಪ್ಪ" ಅಂದ. ಬೊಮ್ಮ ಸರಿದ. ಸರಿಯುತ್ತ ಸರಿಯುತ್ತ ಮನೆಗೇ ಬಂದುಬಿಟ್ಟ.

ಬಡಗಿಯ ಮಗ. ಅಪ್ಪ ಸತ್ತು ವರ್ಷವಾಗಿತ್ತು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ತಾಯಿ ಕಾಳಮ್ಮ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಹಣೆಯೇ ಸಪಾಟಾಗಿತ್ತು.

ಒಂದು ದಿನ ಸೋದರಮಾವ ವೀರಾಚಾರಿ ಬಂದ. ಸತ್ತ ಭಾವನ ಹತಾರದ ಪೆಟ್ಟಿಗೆ ಅವನ ಹತ್ತಿರವೇ ಇತ್ತು.

"ಬೊಮ್ಮಾ, ಪುಟ್ಟತಾಯಮ್ಮನವರ ಮನೆ ಕಿಟಕಿಗೆ ಗೆದ್ದಲು ಹಿಡಿದಿದೆ. ಚೌಕಟ್ಟು ಬದಲಾಯಿಸಬೇಕು. ಮುಂದಿನ ಕಿಟಕಿಯ ಸುತ್ತ ನಾಲ್ಕು ಪಟ್ಟಿ ಇದೆ. ತೇಗದ್ದು. ನಿಮ್ಮಪ್ಪ ಕೆತ್ತಿದ ಹೂಬಳ್ಳಿ. ಆರು ದಿನದೊಳಗೆ ಒಂದು ಗೀರೂ ಬೀಳದ ಹಾಗೆ ಉಳಿಸಿಕೊಟ್ಟೆಯೋ, ಪೆಟ್ಟಿಗೆ ನಿನ್ನದು. ಗೀರು ಬಿತ್ತೋ, ನನ್ನ ಮಗಳ ಗಂಡನದು. ಮೊದಲು ಹಿತ್ತಿಲ ಕಿಟಕಿಯಲ್ಲಿ ಕೈ ಪಳಗಿಸಿಕೊ."

ಕಾಳಮ್ಮ ಒಲೆ ಬಿಟ್ಟು ಎದ್ದು ಬಂದಳು. ಗಂಡ ಮೂವತ್ತು ವರ್ಷ ಹಿಡಿದ ಉಳಿ ಕಂಡವರ ಪಾಲಾಗುವುದೇ?

"ಹೋಗು ಮಗನೇ, ಪಟ್ಟಿ ಬಿಚ್ಚು."

ಬೊಮ್ಮ ಹೋದ. ಹಿತ್ತಿಲ ಕಿಟಕಿಯ ಪಟ್ಟಿಗೆ ಎರಡು ಕೈ ಹಾಕಿದ, ಗೋಡೆಗೆ ಒಂದು ಕಾಲು ಕೊಟ್ಟ, ಎಳೆದ. ಲಟ್! ಪಟ್ಟಿ ಎರಡು ತುಂಡು. ಬೊಮ್ಮ ಅಂಗಾತ.

"ಅಯ್ಯೋ ಪೆದ್ದೇ! ಎತ್ತಿನ ಮೂಗುದಾರವೇನೋ ಅದು, ಹಿಡಿದು ಎಳೆಯೋಕೆ?" ಅಂದಳು ತಾಯಿ, ಸಂಜೆ ಸುದ್ದಿ ಕೇಳಿ. "ಬಣ್ಣ ಅಂಟಿಕೊಂಡಿರುತ್ತೆ. ಮೊದಲು ಚಾಕುವಿನ ಮೊನೆಯಲ್ಲಿ ಅಂಚಿನುದ್ದಕ್ಕೂ ಗೀರಬೇಕು. ಬಿಡಿಸಿ ಆಮೇಲೆ ತೆಗೀಬೇಕು!"

"ಆಗಲವ್ವ, ಹಾಗೇ ಮಾಡ್ತೀನಿ."

ಮರುದಿನ ಹೋದ. ಮನೆಯೊಡತಿ ಪುಟ್ಟತಾಯಮ್ಮ ಎಂಬತ್ತರ ಮುದುಕಿ. ಸೊಂಟ ಬಾಗಿತ್ತು, ನಾಲಿಗೆ ನೆಟ್ಟಗಿತ್ತು.

"ಧೂಳು ಬೀಳುತ್ತೆ ಕಣೋ, ಮೊದಲು ಆ ಪರದೆ ತೆಗಿ" ಅಂದಳು.

ತೆಗೆಯುವುದು ಅಂದಳಲ್ಲ! ಬೊಮ್ಮ ಚಾಕು ತೆಗೆದ. ಅಂಚಿನುದ್ದಕ್ಕೂ ಗೀರಿದ. ಮೇಲಿನ ಅಂಚು, ಕೆಳಗಿನ ಅಂಚು, ಆ ಬದಿ, ಈ ಬದಿ. ಪರದೆಯ ನಡು ಒಂದು ಕಡೆ, ಅಂಚು ನಾಲ್ಕು ಕಡೆ.

"ನನ್ನ ಮೊಮ್ಮಗಳು ಹೊಲಿದದ್ದೋ!" ಅಂತ ಕಿರುಚಿದಳು ಮುದುಕಿ. "ನಿಮ್ಮಪ್ಪನ ಮುಖ ನೋಡಿ ಸುಮ್ಮನಿದ್ದೀನಿ!"

"ಅಯ್ಯೋ ಪೆದ್ದೇ!" ಅಂದಳು ತಾಯಿ. "ಅದನ್ನು ಕಳಚಿ, ಎರಡು ಸಲ ಜೋರಾಗಿ ಕೊಡವಿ, ನಾಲ್ಕು ಮಡಿಕೆ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ತಂದುಕೊಡಬೇಕು!"

"ಆಗಲವ್ವ, ಹಾಗೇ ಮಾಡ್ತೀನಿ."

ಮೂರನೆಯ ದಿನ ಮುದುಕಿ ಹಿತ್ತಿಲ ಕಿಟಕಿಯ ಕದದ ಗಾಜು ತೋರಿಸಿದಳು. "ಇದನ್ನು ಕಳಚಿ ತಂದುಕೊಡು."

ಬೊಮ್ಮ ಗಾಜು ಕಳಚಿದ. ಚೆನ್ನಾಗಿಯೇ ಕಳಚಿದ. ಎರಡು ಸಲ ಜೋರಾಗಿ ಕೊಡವಿದ. ಅರ್ಧ ಗಾಜು ಬಾಳೆಗಿಡದ ಬುಡಕ್ಕೆ ಹೋಯಿತು. ಉಳಿದದ್ದನ್ನು ಮೊಣಕಾಲಿಗೆ ಕೊಟ್ಟು ಮಡಚಿದ. ಒಂದು ಮಡಿಕೆ ಆಯಿತು. ಎರಡನೆಯದಕ್ಕೆ ಗಾಜೇ ಉಳಿಯಲಿಲ್ಲ.

ಸಂಜೆ ಅವನ ಅಂಗೈಗೆ ಅರಿಶಿನ ಒತ್ತುತ್ತ ತಾಯಿ ಬೈದಳು. "ಗಾಜು ಮಡಚುತ್ತಾರೇನೋ! ಒಡೆಯೋ ವಸ್ತುವಿಗೆ ಹುಲ್ಲು ಹಾಸಬೇಕು, ಕಂಬಳಿ ಸುತ್ತಬೇಕು, ಹಗ್ಗ ಬಿಗಿಯಬೇಕು, ಗೋಡೆಗೆ ಒರಗಿಸಿ ಇಡಬೇಕು!"

"ಇಷ್ಟೇನಾ ಅವ್ವ? ಮೊದಲೇ ಹೇಳಬಾರದಾ?"

ನಾಲ್ಕನೆಯ ದಿನ ಪುಟ್ಟತಾಯಮ್ಮ ಜಗಲಿಯಲ್ಲಿ ಕೂತಿದ್ದಳು. "ಬೊಮ್ಮಾ, ಬಿಸಿಲು ಬಂತು. ನನ್ನನ್ನು ಮೆಲ್ಲಗೆ ಒಳಗೆ ಕೂರಿಸಪ್ಪ. ಮೂಳೆಯೆಲ್ಲ ಗಾಜಿನ ಹಾಗಾಗಿದೆ."

ಗಾಜು! ಬೊಮ್ಮ ಕೊಟ್ಟಿಗೆಗೆ ಓಡಿದ. ಹುಲ್ಲು ತಂದ, ಹಾಸಿದ. ಕಂಬಳಿ ತಂದ, ಸುತ್ತಿದ.

"ಏ! ಏನೋ ಇದು! ಸೆಕೆ ಕಣೋ!"

"ಸುಮ್ಮನಿರಿ ಅಮ್ಮ, ಒಡೀತೀರಿ."

ಹಗ್ಗ ಬಿಗಿದ. ಗೋಡೆಗೆ ಒರಗಿಸಿದ. ಊಟಕ್ಕೆ ಹೋದ.

ವೀರಾಚಾರಿ ಬಂದು ನೋಡಿದರೆ ಮೂಲೆಯಲ್ಲಿ ಒಂದು ಕಂಬಳಿ ಗಂಟು. ಗಂಟು ಬೈಯುತ್ತಿತ್ತು. ಏಳು ತಲೆಮಾರು ಹಿಡಿದು ಬೈಯುತ್ತಿತ್ತು. ಬಿಚ್ಚಿದ ಮೇಲೆ ಇನ್ನೂ ಚೆನ್ನಾಗಿ ಕೇಳಿಸಿತು.

"ಕಾಳೀ, ಇನ್ನೆರಡೇ ದಿನ" ಅಂದ ವೀರಾಚಾರಿ ತಂಗಿಗೆ. "ಹಿತ್ತಿಲ ಕಿಟಕಿ ಸಾಕು. ನಾಳೆ ಮುಂದಿನ ಕಿಟಕಿಗೇ ಕೈ ಹಾಕಲಿ. ಆಗದಿದ್ದರೆ ಪೆಟ್ಟಿಗೆ ನನ್ನ ಮಗಳ ಗಂಡನಿಗೆ."

ಕಾಳಮ್ಮ ಅಳುತ್ತಲೇ ಬೈದಳು. "ಮೊದಲು ಕೇಳಬೇಕು ಕಣೋ! 'ಮುಟ್ಟಲಾ? ನೋವಾಗುತ್ತಾ?' ಅಂತ ಕೇಳು. ಅವರು ಹೂಂ ಅನ್ನೋವರೆಗೆ ಕೈ ಹಾಕಬೇಡ!"

ಐದನೆಯ ದಿನ ಬೊಮ್ಮ ಮುಂದಿನ ಕಿಟಕಿಯ ಎದುರು ನಿಂತ. ಅಪ್ಪನ ಹೂಬಳ್ಳಿ. ಕೈ ಮುಗಿದ.

"ಪಟ್ಟಿಯವರೇ, ಮುಟ್ಟಲಾ? ನೋವಾಗುತ್ತಾ?"

ಪಟ್ಟಿ ಮಾತಾಡಲಿಲ್ಲ. ಬೊಮ್ಮ ಕೂತ. ಮಧ್ಯಾಹ್ನ ಮತ್ತೆ ಕೇಳಿದ. ಸಂಜೆ ಮತ್ತೆ ಕೇಳಿದ. ಮನೆಗೆ ಬಂದ.

"ಏನಾಯ್ತೋ?"

"ಇನ್ನೂ ಹೂಂ ಅಂದಿಲ್ಲವ್ವ."

ಕಾಳಮ್ಮನಿಗೆ ಹಣೆ ಚಚ್ಚಿಕೊಳ್ಳಲೂ ಕೈ ಬರಲಿಲ್ಲ. ಮಗನನ್ನು ಎದುರು ಕೂರಿಸಿಕೊಂಡಳು. ಗಂಡ ಹೇಳುತ್ತಿದ್ದ ಮಾತನ್ನೇ ಹೇಳಿದಳು.

"ಕೇಳು ಬೊಮ್ಮ. ನಾಳೆ ಕೊನೇ ದಿನ. ಉಳಿಯನ್ನು ಪಟ್ಟಿ ಕಡೆ ಒತ್ತಬೇಡ, ಗೋಡೆ ಕಡೆ ಒತ್ತು. ಒಂದೇ ಕಡೆ ಬೇಡ, ಸುತ್ತಲೂ ಬಿಡಿಸು. ತುಸು ತುಸುವೇ. ಅವಸರ ಬೇಡ. ಸುತ್ತಲಿನದು ಬಿಟ್ಟರೆ ಪಟ್ಟಿ ತಾನಾಗೇ ಕೈಗೆ ಬರುತ್ತೆ."

"ಆಗಲವ್ವ, ಹಾಗೇ ಮಾಡ್ತೀನಿ."

ಹಾಗೇ ಮಾಡಿದ! ಮಾವ ಕೊಟ್ಟಿದ್ದ ಹಳೇ ಉಳಿಯನ್ನು ಗೋಡೆ ಕಡೆ ಒತ್ತಿದ. ಮಣ್ಣಿನ ಗೋಡೆ, ಒಂದು ಹೆಂಟೆ ಬಿತ್ತು. ಪಟ್ಟಿ ಬರಲಿಲ್ಲ. ಅವಸರ ಬೇಡ ಅಂದುಕೊಂಡ. ಎಡಕ್ಕೆ ಒತ್ತಿದ, ಬಲಕ್ಕೆ ಒತ್ತಿದ, ಏಣಿ ಹತ್ತಿ ಮೇಲೆ ಒತ್ತಿದ. ತುಸು ತುಸುವೇ. ಅಷ್ಟು ನಿಷ್ಠೆಯಿಂದ ಆ ಊರಲ್ಲಿ ಯಾರೂ ಕೆಲಸ ಮಾಡಿರಲಿಲ್ಲ.

ಪುಟ್ಟತಾಯಮ್ಮ ನೆಂಟರ ಮನೆಗೆ ಹೋಗಿದ್ದಳು. ಸಂಜೆ ಬಂದಳು. ಹಿಂದೆಯೇ ವೀರಾಚಾರಿ ಪೆಟ್ಟಿಗೆ ಹೊತ್ತು ಬಂದ. ಕಾಳಮ್ಮ ಸೆರಗು ಕಚ್ಚಿಕೊಂಡು ಬಂದಳು.

ಮುಂದಿನ ಗೋಡೆ ಇರಲಿಲ್ಲ. ಸೂರು ಕಂಬಗಳ ಮೇಲಿದ್ದದ್ದಕ್ಕೆ ಉಳಿದಿತ್ತು. ಮೊಣಕಾಲೆತ್ತರದ ಮೋಟುಗೋಡೆಯ ಮೇಲೆ, ಎರಡು ಕೋಲಿನ ಆಸರೆಯಲ್ಲಿ, ಕಿಟಕಿಯೊಂದೇ ನಿಂತಿತ್ತು. ಸುತ್ತ ನಾಲ್ಕು ಪಟ್ಟಿ.

"ಇನ್ನೂ ಕೈಗೆ ಬಂದಿಲ್ಲ ಮಾವ" ಅಂದ ಬೊಮ್ಮ, ಬೆವರು ಒರೆಸುತ್ತ. "ಆದರೆ ಇನ್ನೂ ಮೂರು ಗೋಡೆ ಇದೆ."

"ಉಳಿ ಕೆಳಗಿಡೋ!" ಅಂತ ಚೀರಿದರು ಮೂವರೂ.

ವೀರಾಚಾರಿ ಕನ್ನಡಕ ಹಾಕಿಕೊಂಡ. ಪಟ್ಟಿಯ ಮೇಲೆ ಬೆರಳಾಡಿಸಿದ. ಎಲೆ ಎಲೆ ನೋಡಿದ, ಮೊಗ್ಗು ಮೊಗ್ಗು ನೋಡಿದ. ಒಂದು ಗೀರೂ ಇಲ್ಲ. ಮತ್ತೊಮ್ಮೆ ನೋಡಿದ. ಇಲ್ಲ.

"ಮಾತು ಮಾತೇ. ಗೋಡೆಯ ವಿಚಾರ ನಾನು ಹೇಳಿರಲಿಲ್ಲ" ಅಂದ. ಪೆಟ್ಟಿಗೆ ಇಳಿಸಿ ಬೊಮ್ಮನ ಮುಂದಿಟ್ಟ. "ನಾಳೆ ನಾನೇ ಬಂದು ಪಟ್ಟಿ ಬಿಚ್ಚುತ್ತೀನಿ. ಗೋಡೆಯನ್ನೂ ಕಟ್ಟಿಸುತ್ತೀನಿ."

ಕಾಳಮ್ಮ ನಕ್ಕಳೋ ಅತ್ತಳೋ, ಅವಳಿಗೇ ಗೊತ್ತಾಗಲಿಲ್ಲ.

"ನಾಳೆಗೆ ಗೋಡೆ, ಸರಿ. ಈಗ ಬೀದಿ ನಾಯಿ ನುಗ್ಗಿದರೆ?" ಅಂದಳು ಪುಟ್ಟತಾಯಮ್ಮ. "ದೊಡ್ಡ ಬಡಗಿಯಾದೆಯಲ್ಲ, ಏನಾದರೂ ಮಾಡೋ!"

ಬೊಮ್ಮ ಗಂಭೀರನಾದ. ಪೆಟ್ಟಿಗೆ ತೆರೆದ. ಅಪ್ಪನ ಉಳಿ ನೋಡಿದ, ಸುತ್ತಿಗೆ ನೋಡಿದ. ಇದಕ್ಕೆ ಹತಾರ ಬೇಡ ಅಂತ ಪೆಟ್ಟಿಗೆ ಮುಚ್ಚಿದ. ಎದ್ದು ಹೋಗಿ ಕಿಟಕಿಯ ಎರಡೂ ಕದ ಮುಚ್ಚಿದ. ಅಗುಳಿ ಹಾಕಿದ. ಎಳೆದು ನೋಡಿದ. ಭದ್ರವಾಗಿತ್ತು.

"ಇನ್ನು ಅದು ಹೇಗೆ ಬರುತ್ತೋ ನೋಡೇಬಿಡ್ತೀನಿ!" ಅಂದ.

ನಾಯಿಯೂ ನೋಡುತ್ತಿತ್ತು, ಅವನ ಪಕ್ಕದಲ್ಲೇ ಕೂತು.