ಕುರ್ಚಿಗಲ್ಲಿನ ದಿನ್ನೆ

ಮುರಕನಟ್ಟಿಯ ಪಡುವಣಕ್ಕೆ, ಹಳೆಯ ಗಾಡಿದಾರಿ ಕವಲೊಡೆಯುವಲ್ಲಿ, ಒಂದು ದಿನ್ನೆಯಿದೆ. ಅದರ ಮೇಲೆ ಆಳೆತ್ತರದ ವೀರಗಲ್ಲು. ದೂರದಿಂದ ಎಲ್ಲ ಊರುಗಳ ವೀರಗಲ್ಲಿನಂತೆಯೇ ಕಾಣುತ್ತದೆ. ಹತ್ತಿರ ಹೋದವರು ಮಾತ್ರ ‘ಇದೇನಪ್ಪಾ ಇದು!’ ಎಂದು ನಗುತ್ತಾರೆ. ಕತ್ತಿ, ಕುದುರೆ ಇರಬೇಕಾದ ಕೆಳಗಿನ ಅಂಕಣದಲ್ಲಿ ಒಂದು ಕುರ್ಚಿಯಿದೆ. ನಕ್ಕವರನ್ನು ಊರ ಹಿರಿಯರು ಕೂರಿಸಿ, ಸತ್ಯವ್ವನ ಕಥೆ ಹೇಳಿ ಬಾಯಿ ಮುಚ್ಚಿಸುತ್ತಾರೆ.

ಹಿಂದೆ ಒಮ್ಮೆ, ಬಿಳಿಯರ ದೊರೆತನದಲ್ಲಿ, ಸತ್ಯವ್ವನ ಒಬ್ಬನೇ ಮಗ ಭರಮಪ್ಪ ದಂಡು ಸೇರಿ, ಹಡಗು ಹತ್ತಿ ಬಸ್ರಾದ ಕಡೆ ಯುದ್ಧಕ್ಕೆ ಹೋದನಂತೆ. ಹೋದವನು ಬರಲಿಲ್ಲ, ಕಾಗದ ಬಂತು. ‘ಸೇವೆಯಲ್ಲಿದ್ದಾಗ ಮೃತನಾದ’ ಎಂಬುದಷ್ಟೇ ಒಕ್ಕಣೆ. ಹೆಣವಿಲ್ಲ, ಗೋರಿಯಿಲ್ಲ, ಕಲ್ಲನ್ನಾದರೂ ನಿಲ್ಲಿಸೋಣವೆಂದು ಸತ್ಯವ್ವ ಕಲ್ಲುಕುಟಿಗ ಮೌನೇಶಪ್ಪನ ಬಳಿ ಹೋದಳು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಕೆತ್ತುವುದು ಅವನ ಮನೆತನದ ಕಟ್ಟಳೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಕಾಳಗ ಕೆತ್ತದೆ ಮೇಲಿನದಕ್ಕೆ ಉಳಿ ಇಡುವಂತಿಲ್ಲ. “ಯವ್ವಾ, ಯಾರ ಕೂಡ ಕಾದಿದಾ, ಹೆಂಗ ಬಿದ್ದಾ, ತಿಳಕೊಂಡು ಬಾ” ಎಂದನವನು. ಕಾಳಗ ಗೊತ್ತಾಗುವವರೆಗೆ ಮಗನಿಗೆ ಕೈಲಾಸವಿಲ್ಲ ಎಂದೇ ಸತ್ಯವ್ವ ನಂಬಿದಳು.

ಶಾಲೆಯ ಮಾಸ್ತರರಿಂದ ದಂಡಿನ ಕಚೇರಿಗೆ ಕಾಗದ ಬರೆಸಿದಳು. ‘ಸೇವೆಯಲ್ಲಿದ್ದಾಗ ಮೃತನಾದ’ ಎಂಬ ಉತ್ತರ ಬಂತು. ಅಯ್ಯೋ, ಸತ್ತದ್ದು ಅವಳಿಗೆ ಗೊತ್ತಿಲ್ಲವೇ? ಹೇಗೆ ಸತ್ತ ಎಂದಲ್ಲವೇ ಅವಳು ಕೇಳಿದ್ದು! ಮತ್ತೆ ಬರೆಸಿದಳು, ಮತ್ತೆ ಅದೇ. ಒಂಬತ್ತು ವರ್ಷ ಹೀಗೇ ಹೋಯಿತು. ಕಡೆಗೆ ಬುತ್ತಿ ಕಟ್ಟಿಕೊಂಡು ನಾಲ್ಕು ದಿನ ನಡೆದು ದಂಡಿನ ಕಚೇರಿಗೇ ಹೋದಳು. ಅಲ್ಲಿ ಕುರ್ಚಿಯಲ್ಲಿ ಕೂತಿದ್ದ ಸಾಹೇಬ ಬೆಳಗಿನಿಂದ ಹೊತ್ತು ಇಳಿಯುವವರೆಗೆ ತಲೆ ಎತ್ತದೆ ಬರೆಯುತ್ತಲೇ ಇದ್ದನಂತೆ. ಆಮೇಲೆ ಗುಮಾಸ್ತ ಬಂದು ಒಂದು ಕಾಗದ ಅವಳ ಕೈಗಿಟ್ಟ. ಅದೇ ಒಕ್ಕಣೆ, ಶಾಯಿ ಮಾತ್ರ ಹೊಸದು. ಹಾಳಾದವರಿಗೆ ಇನ್ನೊಂದು ಮಾತು ಬರುತ್ತಿರಲಿಲ್ಲವೇನೋ.

ಸತ್ಯವ್ವ ನೆಟ್ಟಗೆ ಮೌನೇಶಪ್ಪನ ಅಂಗಳಕ್ಕೆ ಬಂದು, ಮಗನಿಗೆಂದು ಅಂದೇ ಆರಿಸಿಟ್ಟು, ಈಗ ಸುತ್ತ ಹುಲ್ಲು ಬೆಳೆದುಕೊಂಡಿದ್ದ ಬೋಳುಕಲ್ಲಿನ ಮುಂದೆ ನಿಂತಳು.

“ಕೆತ್ತೋ ತಮ್ಮಾ. ಕುರ್ಚಿ ಕೆತ್ತು, ಅದರಾಗ ಆ ಸಾಹೇಬನ್ನ ಕೂಡ್ರಿಸು. ಒಂಬತ್ತು ವರ್ಷ ನಾ ಬಡದಾಡಿದ್ದು ಅವನ ಕೂಡ.”

ಮೌನೇಶಪ್ಪ ತಬ್ಬಿಬ್ಬಾದ. “ಎದುರಿಗೆ ಯಾರನ್ನ ನಿಲ್ಲಸ್ಲಿ ಯವ್ವಾ?”

“ನನ್ನ.”

“ಕಾದಿದವರನ್ನಲ್ಲೇನು ಅಪ್ಸರೆಯರು ಒಯ್ಯೋದು? ಹಂಗಾದ್ರ ಮ್ಯಾಲೆ ನೀನೇ ಹೋಗಬೇಕಾಗ್ತದ.”

“ನಾ ಇಲ್ಲೇ ಕೆಳಗ ನಿಂದಿರ್ತೀನಿ. ಮ್ಯಾಲೆ ನನ್ನ ಮಗ ಹೋಗಲಿ.”

ಮೌನೇಶಪ್ಪ ಉಳಿ ಹಿಡಿದನು ಎನ್ನುತ್ತಾರೆ.

ಇಂದಿಗೂ ದಿನ್ನೆ ಹತ್ತಿದವರು ಅದನ್ನು ನೋಡಬಹುದು. ತುದಿಯಲ್ಲಿ ಲಿಂಗವಿದೆ. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ದಂಡಿನ ರುಮಾಲು ಸುತ್ತಿದ ಹುಡುಗನ ರಟ್ಟೆ ಹಿಡಿದು ಮೇಲೆತ್ತುತ್ತಿದ್ದಾರೆ. ಕೆಳಗೆ ತಲೆ ಬಗ್ಗಿಸಿ ಬರೆಯುವ ಸಾಹೇಬ, ಅವನೆದುರು ಕೈ ಚಾಚಿ ನಿಂತ ಮುದುಕಿ. ಕುಂಕುಮ ಹಚ್ಚಿ ಹಚ್ಚಿ ಲಿಂಗವೂ ಅಪ್ಸರೆಯರೂ ಸವೆದುಹೋಗಿದ್ದಾರೆ. ಸಾಹೇಬನನ್ನು ಯಾರೂ ಮುಟ್ಟುವುದಿಲ್ಲವಾದ್ದರಿಂದ ಅವನ ಲೇಖನಿ ಇನ್ನೂ ಹೊಸದರಂತಿದೆ. ಮುದುಕಿ ಇನ್ನೂ ನಿಂತೇ ಇದ್ದಾಳೆ.