ಲಗಮವ್ವನ ಕರಿ ಮಜ್ಜಿಗೆ

ಯಾವ ಕಾಲ ಅಂತ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಭೀಮಾ ತೀರದ ಒಂದು ಊರಿಗೆ ಲಗಮವ್ವ ಎಂಬ ಹುಡುಗಿ ಸೊಸೆಯಾಗಿ ಬಂದಳಂತೆ. ಹೆಣ್ಣು ಗಂಡನ ಮನೆಗೆ ಹೊರಟಾಗ ತವರಿನವರು ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು ಹಾಕುತ್ತಾರೆ. ಇವಳ ತಾಯಿ ಲಿಂಬೆ ಸಸಿಗಳನ್ನು ಬೇರಿನ ಮಣ್ಣು ಸಮೇತ ತುಂಬಿದಳಂತೆ. ಹೊಸ ಸೀರೆ ಕೆಸರಾಯಿತು. ಬೀಗರೆಲ್ಲ ನಕ್ಕರು. ಅತ್ತೆ ಸಾವಂತ್ರವ್ವ ಮಾತ್ರ ನಗಲಿಲ್ಲ. "ಬಂಗಾರ ತರ್ತಾಳಂದ್ರ ಮುಳ್ಳು ತಂದಾಳ ನೋಡ್ರವಾ" ಅಂದಳಂತೆ.

ಲಗಮವ್ವ ಸಸಿಗಳನ್ನು ಹಿತ್ತಿಲಿಗೆ ಹತ್ತಿದ ಹೊಲದಲ್ಲಿ ನೆಟ್ಟಳು. ಅದು ಸುಣ್ಣಗಲ್ಲಿನ ನೆಲ. ಬೇರು ಹಿಡಿಯಿತು ನಿಜ, ಆದರೆ ಚಿಗುರೆಲ್ಲ ಅರಿಸಿನ ಬಳಿದಂತೆ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಹಾಕಿದಳು, ನೀರು ಹಾಕಿದಳು, ದೃಷ್ಟಿಯನ್ನೂ ತೆಗೆದಳು. ಹಳದಿ ಹೋಗಲಿಲ್ಲ. ಕಾಮಾಲೆ ಹಿಡಿದ ಗಿಡ ಮನೆಗೆ ಒಳ್ಳೆಯದಲ್ಲ, ಕಾರಹುಣ್ಣಿಮೆಗೆ ಕಿತ್ತು ಸಜ್ಜೆ ಬಿತ್ತುವುದೇ ಸೈ ಎಂದು ಅತ್ತೆ ಹೇಳಿಬಿಟ್ಟಳಂತೆ. ತವರಿನಿಂದ ಬಂದದ್ದು ಅದೊಂದೇ. ಅದೂ ಹೋದರೆ ಈ ಊರಲ್ಲಿ ತನ್ನದು ಅನ್ನಲು ಲಗಮವ್ವನಿಗೆ ಏನಿತ್ತು?

ಆ ಚಿಂತೆಯಲ್ಲೇ ಮಜ್ಜಿಗೆಯನ್ನು ಕಬ್ಬಿಣದ ಬೋಗುಣಿಯಲ್ಲಿ ಹಾಕಿ ಮರೆತಳಂತೆ. ನೋಡುವಷ್ಟರಲ್ಲಿ ಮಸಿಯಂತೆ ಕಪ್ಪು, ಮೂಗು ಮುಚ್ಚುವಂಥ ಹುಳಿ ನಾತ.

"ನಿಮ್ಮವ್ವ ಮಜ್ಜಿಗಿ ಹಿಂಗ ಮಾಡ್ತಿದ್ಲೇನು ಬೇ?" ಅಂದಳು ಅತ್ತೆ.

ತಾಯಿಯ ಹೆಸರು ಎತ್ತಿದ್ದೇ ಸಿಟ್ಟು ಬಂತು. ಸಂಜೆ ಹೊತ್ತು, ಬೋಗುಣಿಗೆ ನೀರು ಸುರಿದು, ತೊಳೆಯಲು ಕುಂತಲ್ಲಿಂದಲೇ ಹೊಲದತ್ತ ಎರಚಿದಳು. ಹತ್ತಿರದ ಒಂದು ಗಿಡದ ಎಲೆಗಳ ಕೆಳಗಿನ ಹೊಟ್ಟೆ ತೊಯ್ದಿತು. ಕೆಲವು ದಿನ ಕಳೆದವು, ತೊಯ್ದಲ್ಲೆಲ್ಲ ಗಿಳಿಹಸಿರು!

ಇನ್ನೇನು ಬೇಕು? ಗುಣ ಕಬ್ಬಿಣದ್ದೇ ಅಂದುಕೊಂಡಳು. ಮೂಲೆಯ ಹಳೆ ಕುಳವನ್ನೇ, ಅಂದರೆ ನೇಗಿಲ ಮೊನೆಯ ಕಬ್ಬಿಣವನ್ನೇ, ಮಜ್ಜಿಗೆಯಲ್ಲಿ ಅದ್ದಿಟ್ಟಳು. ಕಪ್ಪಾದದ್ದನ್ನು ಮಟಮಟ ಮಧ್ಯಾಹ್ನ, ನೀರು ಬೆರೆಸದೆ, ದೇವರಿಗೆ ಅಭಿಷೇಕ ಮಾಡಿದಂತೆ ಒಂದು ಸಾಲಿನ ನೆತ್ತಿಗೆ ಸುರಿದಳು. ಎಲೆಗಳು ಸುಟ್ಟು ಕರಕಲಾದವು.

ಆಮೇಲೆ ಕನಸಿನಲ್ಲಿ ದೇವಿ ಬಂದು ದಾರಿ ತೋರಿದಳು ಅಂತಾರೆ ಕೆಲವರು. ಅವಳು ನಿದ್ದೆಯನ್ನೇ ಮಾಡಲಿಲ್ಲ, ಕನಸೆಲ್ಲಿಂದ ಬಂತು ಅಂತಾರೆ ಇನ್ನು ಕೆಲವರು. ನನಗೆ ಎರಡನೆಯವರೇ ಸರಿ. ಮೊದಲ ಸಲ ಎರಚಿದಾಗ ಹೊತ್ತು ಇಳಿದಿತ್ತು, ಮಜ್ಜಿಗೆ ತೆಳ್ಳಗಿತ್ತು, ತಾನು ಕುಂತಿದ್ದೆ ಎಂಬುದು ಅವಳಿಗೆ ನೆನಪಾಯಿತಂತೆ.

ಮಾರನೆಯ ದಿನದಿಂದ ಸಂಜೆ ಸಂಜೆ ಕುಕ್ಕರಗಾಲಲ್ಲಿ ಕುಂತು, ಬೇವಿನ ಸೊಪ್ಪಿನ ಕಟ್ಟನ್ನು ನೀರು ಬೆರೆಸಿದ ಕರಿ ಮಜ್ಜಿಗೆಯಲ್ಲಿ ಅದ್ದಿ, ಕೆಳಗಿನಿಂದ ಮೇಲಕ್ಕೆ ಚಿಮುಕಿಸಿದಳು. ಚಿಮುಕಿಸಿದ್ದರಲ್ಲಿ ಅರ್ಧ ಅವಳ ಮೋರೆಗೇ. ನೀರಿಗೆ ಹೋಗುವವರು ನಿಂತು ನೋಡಿದರು.

"ಲಗಮವ್ವಾ, ಜಳಕ ಗಿಡಕ್ಕೋ ನಿನಗೋ?"

"ಇಬ್ಬರಿಗೂ ಬೇಕಾಗೇತ್ರಿ" ಅಂದಳಂತೆ.

ಕಾರಹುಣ್ಣಿಮೆ ಬಂತು. ಸಾವಂತ್ರವ್ವ ಗುದ್ದಲಿ ಹಿಡಿದು ಹೊಲಕ್ಕೆ ಇಳಿದಳು. ನೋಡಿದರೆ ಸಾಲಿಗೆ ಸಾಲು ಹಸಿರು; ಸುಟ್ಟ ಸಾಲಿನಲ್ಲೂ ಚಿಗುರು. ಒಂದೊಂದೇ ಗಿಡದ ಎಲೆ ಮಗುಚುತ್ತ ತುದಿಯವರೆಗೂ ನಡೆದಳಂತೆ. ಕೊನೆಗೆ ಗುದ್ದಲಿ ಬದುವಿಗೆ ಒರಗಿಸಿ, "ಆ ತುದೀದೊಂದು ಬಿಟ್ಟೀಯಲ್ಲ, ಕಣ್ಣಿಲ್ಲೇನು?" ಅಂದಳು. ಸಂಜೆಯಾಗುವವರೆಗೆ ಕಾದು, ಮಂಡಿ ನೋವಿಗೆ ಅಯ್ಯೋ ಅನ್ನುತ್ತ ತಾನೂ ಕುಕ್ಕರಿಸಿದಳಂತೆ. ಮುಂದೆ ಊರೂರಲ್ಲಿ "ಮಜ್ಜಿಗಿ ನಂದು" ಎಂದು ಹೇಳಿಕೊಂಡು ತಿರುಗಿದ್ದೂ ಅವಳೇ.

ಆ ಲಿಂಬೆ ಕಡೆಯಿಂದ ಗಾಳಿ ಬೀಸಿದರೆ ನದಿಯಾಚೆ ಊರಿನ ಹಾಲು ಒಡೆಯುತ್ತಿತ್ತು ಅಂತಾರೆ. ನಾನು ಹತ್ತೂರ ನೀರು ಕುಡಿದವಳು. ಇಷ್ಟು ಚೆಂದದ ಸುಳ್ಳು ಬೇರೆಲ್ಲೂ ಕೇಳಿಲ್ಲ.

ಈಗಲೂ ಆ ಊರಿಗೆ ಬರುವ ಸೊಸೆಯ ಉಡಿಯಲ್ಲಿ ಒಂದು ಲಿಂಬೆ ಸಸಿ ಇರಲೇಬೇಕು. ಕಾರಹುಣ್ಣಿಮೆಯ ಸಂಜೆ ಅತ್ತೆ ಸೊಸೆ ಇಬ್ಬರೂ ಅದರ ಪಕ್ಕ ಕುಕ್ಕರಗಾಲಲ್ಲಿ ಕುಂತು ಕರಿ ಮಜ್ಜಿಗೆ ಚಿಮುಕಿಸುತ್ತಾರೆ. ಸೊಸೆಯ ಮೋರೆಗೆ ಬಿದ್ದ ಹನಿಯನ್ನು ಅವಳು ತಾನೇ ಒರೆಸಿಕೊಳ್ಳುವಂತಿಲ್ಲ. ಅತ್ತೆಯೇ ತನ್ನ ಸೆರಗಿನಿಂದ ಒರೆಸಬೇಕು.