ಗುಡ್ಡದ ಮೇಲೆ ದಾರಿ ತೋಡಿದ ಯಂಕವ್ವ

ಎಷ್ಟು ಮಳೆಗಾಲ ಹಿಂದಿನ ಮಾತೋ, ಎಣಿಸಿದವರಿಲ್ಲ. ಹೊಳೆದಂಡೆಯ ಒಂದು ಊರಿನಲ್ಲಿ ಯಂಕವ್ವ ಅಂತ ಒಬ್ಬಳಿದ್ದಳು. ಕೇಬಲ್ಲಿಗೆ ತಗ್ಗು ತೋಡುವ ಗುಂಪಿಗೆ ಅವಳೇ ಮೇಸ್ತ್ರಿ. ಹಾರೆ ಊರಿ ಒಮ್ಮೆ ಅಲುಗಿಸಿದರೆ ಸಾಕು, ಕೆಳಗೆ ಕಲ್ಲೋ ಮಣ್ಣೋ ಹೇಳಿಬಿಡುತ್ತಿದ್ದಳಂತೆ.

ಆ ದಂಡೆಯ ಏಳೂ ಊರಿಗೆ ಫೋನು ಬರುತ್ತಿದ್ದದ್ದು ಒಂದೇ ಕೇಬಲ್ಲಿನಲ್ಲಿ. ಕೂದಲೆಳೆಯಂಥ ಗಾಜಿನ ಎಳೆ, ಅದರೊಳಗೆ ಬೆಳಕಾಗಿ ಓಡುವ ಮಾತು. ಅದು ಸೇತುವೆ ಹಾಯ್ದು ಪಟ್ಟಣಕ್ಕೆ ಹೋಗುತ್ತಿತ್ತು. ಒಂದು ವರ್ಷ ಸೇತುವೆಯ ಬುಡದಲ್ಲಿ ಮಣ್ಣು ಜರಿದು ಕೇಬಲ್ಲು ಹರಿಯಿತು. ಮೂರು ದಿನ ಫೋನಿಲ್ಲ. ಅದೇ ಮೂರು ದಿನದಲ್ಲಿ ಯಂಕವ್ವನ ತಂಗಿಗೆ ಹೆರಿಗೆ ನೋವು ಬಂತು. ಆಂಬುಲೆನ್ಸಿಗೆ ಹೇಳಿ ಕಳಿಸುವಷ್ಟರಲ್ಲಿ ಹೊತ್ತು ಮೀರಿ, ಕೂಸು ಉಳಿಯಲಿಲ್ಲ. ಯಂಕವ್ವ ಅಳಲಿಲ್ಲವಂತೆ. ಜರಿದ ಮಣ್ಣಿಗೆ ಹಾರೆ ಊರಿ ಅಲುಗಿಸಿ ನೋಡಿದಳಂತೆ.

ಮರುವರ್ಷ ಇಂಜಿನಿಯರು ಇನ್ನೊಂದು ಕೇಬಲ್ಲು ತಂದರು. ಒಂದು ಹೋದರೆ ಇನ್ನೊಂದಿರಲಿ ಅಂತ. ಹಳೇ ತಗ್ಗಿನಲ್ಲೇ, ಅದರ ಪಕ್ಕಕ್ಕೇ ಹಾಕು ಅಂದರು. ಯಂಕವ್ವ ಹಾರೆ ಕೆಳಗಿಟ್ಟಳು.

"ಸಾಹೇಬ್ರ, ಸೇತುವೆ ಹೋದ್ರ ಎರಡೂ ಕೂಡೇ ಹೋಗ್ತಾವು. ಇದು ಹೋಗದ ಕಡೆ ಅದು ಹೋಗಬೇಕು. ಗುಡ್ಡದ ಮ್ಯಾಲೆ ಹಾಯಿಸಿ, ಹೊಳಿ ಮ್ಯಾಲಿನ ಡ್ಯಾಮಿನ ಕಡಿಂದ ಪಟ್ಟಣಕ್ಕ ಒಯ್ರಿ."

"ಆ ಗುಡ್ಡ ಬರೀ ಬಂಡೆ, ಯಂಕವ್ವ. ಯಾರು ತೋಡ್ತಾರ?"

"ಕೇಬಲ್ ನೀವು ಕೊಡ್ರಿ. ತೋಡೋದು ನಮಗ ಬಿಡ್ರಿ."

ಮಳೆ ಹಿಡಿಯುವುದರೊಳಗೆ ಮುಗಿಸಿದರೆ ಆಗಲಿ ಅಂದರು ಇಂಜಿನಿಯರು. ಯಂಕವ್ವ ಏಳೂ ಊರಿಗೆ ನಡೆದಳು. ಮನೆಗೊಬ್ಬರಂತೆ ಬಂದರು. ಅವಳು ಹೊಡೆದಲ್ಲಿ ಬಂಡೆ ಬಾಯಿಬಿಟ್ಟಿತು ಅಂತಾರೆ. ಹಾರೆ ಊರಿದಲ್ಲಿ ನೀರು ಚಿಮ್ಮಿ ದುಡಿಯುವವರ ಬಾಯಾರಿಕೆ ತಣಿಸಿತು ಅಂತಾರೆ. ಕಂಡವರು ಹೇಳಿದ್ದು ಬೇರೆ: ಗುಡ್ಡದ ನೆತ್ತಿಯಲ್ಲಿ ದಿನಕ್ಕೆ ಒಂದು ಮಾರೂ ಸಾಗುತ್ತಿರಲಿಲ್ಲವಂತೆ, ಅಂಗೈಯ ಗುಳ್ಳೆ ಒಡೆದು ಹಾರೆಯ ಹಿಡಿ ಕೆಂಪಾಗಿತ್ತಂತೆ. ಅಂತೂ ಮೊದಲ ಮಳೆಯ ಹನಿ ಬೀಳುವಾಗ ಕೊನೆಯ ಹಿಡಿ ಮಣ್ಣು ಮುಚ್ಚಿದರು. ಒಂದು ದಾರಿ ಹರಿದರೆ ಬೆಳಕು ತಾನಾಗಿಯೇ ಇನ್ನೊಂದಕ್ಕೆ ಹೊರಳುವಂತೆ ಇಂಜಿನಿಯರು ಜೋಡಿಸಿದರು.

ಆ ವರ್ಷದ ಮಳೆ, ಅದೆಂಥ ಮಳೆ! ಎಂಟು ದಿನ ಬಿಸಿಲು ಕಾಣಲಿಲ್ಲ. ಒಂಬತ್ತನೆಯ ದಿನ ನಡುಮಧ್ಯಾಹ್ನ, ಯಂಕವ್ವ ದಂಡೆಯಲ್ಲಿ ನೋಡುತ್ತಿದ್ದ ಹಾಗೆಯೇ ಸೇತುವೆ ನಡು ಮುರಿದು ಹೊಳೆಯ ಪಾಲಾಯಿತು. ಹಳೇ ಕೇಬಲ್ಲು ಬಾರುಕೋಲಿನ ಹಾಗೆ ಒಮ್ಮೆ ಗಾಳಿಗೆ ಎದ್ದು ನೀರಿಗೆ ಬಿತ್ತು. ಅವಳು ಗುಡ್ಡದ ಕಡೆ ತಿರುಗಿದಳು. ಗುಡ್ಡದ ಮೇಲೆ ತೋಡಿದ್ದು ಸುಳ್ಳಾದರೆ?

ಅಷ್ಟರಲ್ಲಿ ಪಂಚಾಯ್ತಿ ಕಟ್ಟೆಯ ಫೋನು ಬಡಿದುಕೊಂಡಿತು.

ಓಡಿಹೋಗಿ ಎತ್ತಿದವಳು ಅವಳೇ. ಡ್ಯಾಮಿನಿಂದ ಕರೆ. ಎಲ್ಲಾ ಗೇಟು ತೆಗೆಯುತ್ತಿದ್ದೇವೆ, ಎರಡು ತಾಸಿನಲ್ಲಿ ನೀರು ಬರುತ್ತದೆ, ಗುಡ್ಡ ಹತ್ತಿರಿ ಅಂದರು.

"ಕೇಳಸ್ತೈತ್ರೀ!" ಅಂತ ಕೂಗಿದಳಂತೆ ಯಂಕವ್ವ. "ನೀವು ಆಡೋದು ನೆಟ್ಟಗ ಕೇಳಸ್ತೈತಿ!"

ಏಳೂ ಊರಿನ ಫೋನು ಒಂದರ ಹಿಂದೊಂದು ಬಡಿದವು. ಎಮ್ಮೆ, ಕರು, ಹಾಸಿಗೆ ಹಿಡಿದ ಮುದುಕರು, ತೊಟ್ಟಿಲ ಕೂಸುಗಳು, ಎಲ್ಲವನ್ನೂ ಹೊತ್ತು ಎಳೆದು ಜನ ಗುಡ್ಡ ಹತ್ತಿದರು. ಹೊಳೆ ಬಂತು, ಮನೆಗಳನ್ನು ಒಯ್ದಿತು. ನೆತ್ತಿಯಲ್ಲಿ ಊರೂರಿನವರು ತಮ್ಮ ತಲೆ ಎಣಿಸಿದರು. ಒಂದೂ ಕಡಿಮೆಯಿರಲಿಲ್ಲ! ಆ ಮಳೆಯಲ್ಲೇ ಯಂಕವ್ವನನ್ನು ಹೆಗಲ ಮೇಲೆ ಹೊತ್ತು ಕುಣಿದರಂತೆ. ಬಿಡ್ರೋ, ಬೀಳ್ತೀನಿ ಅಂತ ಅವಳು ಬೈಯುತ್ತಲೇ ನಕ್ಕಳಂತೆ, ನಗುತ್ತಲೇ ಅತ್ತಳಂತೆ.

ಇವತ್ತಿಗೂ ಆ ಗುಡ್ಡದಲ್ಲಿ ಜೆಸಿಬಿ ಬಂದರೆ ಹೆಂಗಸರು ಅಡ್ಡ ನಿಂತು, ಎಲ್ಲಿ ಅಗೆಯಬಾರದು ಅಂತ ತೋರಿಸಿಯೇ ಮುಂದೆ ಬಿಡುತ್ತಾರೆ. ಇನ್ನು ಜೋರು ಮಳೆಯ ದಿನ ಯಾರ ಮನೆಯಲ್ಲಿ ಫೋನು ಬಡಿದರೂ, ಎತ್ತುವವರು ಮೊದಲು ಒಂದು ಮಾತು ಅನ್ನದೆ ಇರುವುದಿಲ್ಲ:

"ಯಂಕವ್ವ ಬಂದ್ಲು."